ಶಕ್ತಿ ಗುಳಿಗೆ

ಪುಣೆ ಕ್ಯಾಂಪ್
11 ನವೆಂಬರ್ 2025, ಮಂಗಳವಾರ

ಪ್ರೀತಿಯ ಅಣ್ಣಾ,

ಧಾರವಾಡದಲ್ಲಿ ಥಂಡಿ ಶುರುವಾಗಿರಬೇಕು. ನಿನ್ನ ಮೊಣಕಾಲು ಹೇಗಿದೆ? ಅತ್ತಿಗೆ ಹೇಳಿದಂತೆ ಎಣ್ಣೆ ಹಚ್ಚಿಸಿಕೊಳ್ಳುತ್ತೀಯೋ, ಇಲ್ಲ ಬರೀ ಹೂಂ ಅಂದು ಮಲಗುತ್ತೀಯೋ? ನಿನ್ನ ಹಟ ನನಗೆ ಗೊತ್ತಿಲ್ಲವೇ. ಫೋನು ಬಿಟ್ಟು ಪತ್ರ ಏಕೆ ಎಂದು ಗಾಬರಿಯಾಗಬೇಡ. ಎರಡು ಕೋಣೆಯ ಮನೆ, ನಾನು ಪಿಸುಗುಟ್ಟಿದರೂ ಇವರಿಗೆ ಕೇಳುತ್ತದೆ.

ಇವರು ಹಿಮ್ಮಡಿಯ ಕಪ್ಪು ಕಲೆಯನ್ನು ಆಣಿ ಎಂದುಕೊಂಡು ಎರಡು ವರ್ಷ ಬ್ಲೇಡಿನಿಂದ ಕೆತ್ತಿಸಿಕೊಂಡದ್ದು, ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಶ್ವಾಸಕೋಶಕ್ಕೆ ಹೋಗಿದ್ದು ನಿನಗೆ ಗೊತ್ತೇ ಇದೆ. ದಿನವಿಡೀ ಅರಿವೆ ಅಂಗಡಿಯ ಗಾದಿಯ ಮೇಲೆ ಬರಿಗಾಲಲ್ಲಿ ಕೂತವರು. ಊರ ಮಂದಿಯೆಲ್ಲ ಆ ಕಾಲು ನೋಡಿದ್ದಾರೆ, ಹೆಂಡತಿ ಅನ್ನಿಸಿಕೊಂಡ ನಾನು ನೋಡಲಿಲ್ಲ. ಎರಡು ಔಷಧ ಕೂಡಿಸಿ ಕೊಟ್ಟು ಪರೀಕ್ಷಿಸುವ ಪ್ರಯೋಗಕ್ಕೆ ಸೇರಿಸಿಕೊಂಡ ಮೇಲೆ ಐದು ತಿಂಗಳು ಗಡ್ಡೆ ಕರಗುತ್ತ ಬಂತು. ಮೇಲಿಂದ ಮೇಲೆ ಜ್ವರ ಬರುತ್ತಿತ್ತು, ಆದರೂ ಒಂದು ಹೊತ್ತು ತಪ್ಪಿಸಲಿಲ್ಲ. ಮುಂಜಾನೆ ಪೂಜೆಗೆ ಕೂತು, ಗುಳಿಗೆಗಳನ್ನು ಲಿಂಗಕ್ಕೆ ತೋರಿಸಿಯೇ ನುಂಗುವುದು.

ಕಳೆದ ವಾರದ ಸ್ಕ್ಯಾನಿನಲ್ಲಿ ಮಿದುಳಿನಲ್ಲೂ ಗಡ್ಡೆ ಕಂಡಿದೆ. ಔಷಧ ಇನ್ನು ನಾಟುವುದಿಲ್ಲ ಎಂದು ಡಾಕ್ಟರು ಪ್ರಯೋಗದಿಂದ ಕೈಬಿಟ್ಟು, ಉಳಿದ ಗುಳಿಗೆಗಳನ್ನು ತಿರುಗಿ ಪಡೆದರು. ಬೇರೆ ಏನಾದರೂ ಇದೆಯೇ ಅಂದರೆ, ನೋವು ಕಡಿಮೆ ಮಾಡಬಹುದು ಅಂದರು. ಇವರಿಗೆ ನಾನೇ ಹೇಳುತ್ತೇನೆ ಎಂದು ಬೇಡಿಕೊಂಡು ಬಂದೆ. ಹೇಳಲು ಬಾಯಿ ಬರಲಿಲ್ಲ. ಅದೇ ಬಣ್ಣದ ಶಕ್ತಿ ಗುಳಿಗೆ ಕೊಂಡು ತಂದು, ಕಂಪನಿಯವರು ಬಾಟಲಿ ಬದಲಿಸಿದ್ದಾರೆ ಅಂದೆ. ನಂಬಿದರು. ಮೂವತ್ತೊಂದು ವರ್ಷದಲ್ಲಿ ನನ್ನ ಮಾತನ್ನು ಇವರು ತಕರಾರಿಲ್ಲದೆ ನಂಬಿದ್ದು ಇದೇ ಮೊದಲು. ನನ್ನ ಸುಳ್ಳನ್ನು ದಿನಾ ಲಿಂಗದ ಮುಂದೆ ಹಿಡಿಯುತ್ತಾರಲ್ಲ, ಆ ಹೊತ್ತಿಗೆ ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ. ಪ್ರಯೋಗದಿಂದ ಕೈಬಿಟ್ಟ ಕಾಗದಕ್ಕೆ ಬರುವ ಸೋಮವಾರ ಆಸ್ಪತ್ರೆಯಲ್ಲಿ ಇವರ ಸಹಿ ಬೇಕಂತೆ. ಅದರೊಳಗೆ ನೀನು ಬಂದು ಹೇಳು ಅಣ್ಣಾ, ನಿನ್ನ ಮಾತೆಂದರೆ ಇವರಿಗೆ ಗೌರವ.

ಅತ್ತಿಗೆಗೆ ನಮಸ್ಕಾರ. ರೇಣುಗೆ ಅತ್ತೆಯ ಆಶೀರ್ವಾದ.

ನಿನ್ನ ತಂಗಿ,
ಕಲ್ಲವ್ವ

ತಾ.ಕ.: ಬುಧವಾರ ಮುಂಜಾನೆ. ಅಂಚೆಗೆ ಹಾಕುವ ಮೊದಲು ಇಷ್ಟು ಬರೆಯುತ್ತಿದ್ದೇನೆ. ಬೇರೆಯವರಿಗೆ ಅಪಾಯ ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಇವರು ಐದು ತಿಂಗಳು ಆ ಗುಳಿಗೆಗಳನ್ನು ನನಗೆ ಮುಟ್ಟಗೊಟ್ಟಿರಲಿಲ್ಲ. ಈಗ ಪೂಜೆ ಮುಗಿಸಿ ಬಾಟಲಿಯಿಂದ ಒಂದನ್ನು ನನ್ನ ಅಂಗೈಗೆ ಹಾಕಿ, "ನೀನೂ ಒಂದ್ ತಗೋ. ನೀನೂ ಭಾಳ ಸೊರಗೀದಿ" ಅಂದರು. ನಾನು ನುಂಗಿದೆ. ನೀನು ಬಂದು ಹೇಳುವುದು ಏನೂ ಉಳಿದಿಲ್ಲ ಅಣ್ಣಾ. ಆದರೂ ಬಾ.