ವಿಷ ಬೆರೆಸದ ಉಂಡೆ

ತಿಲಕ್ ನಗರ,
ಆಗಸ್ಟ್ ೧೯೮೧

ಮನೆ ಮಾಲೀಕರಾದ ಸೋಮಲಿಂಗಪ್ಪನವರಿಗೆ, ಮಹಡಿ ಮನೆಯ ಉಮಾಮಹೇಶ್ವರಿಯ ನಮಸ್ಕಾರಗಳು.

ಕೆಳಗಿನ ನಿಮ್ಮ ದಿನಸಿ ಅಂಗಡಿಯ ಅಕ್ಕಿ ಮೂಟೆಗಳನ್ನು ಇಲಿಗಳು ಹಾಳುಮಾಡುತ್ತಿರುವುದು ನಿಜ. ಅವು ನಮ್ಮ ಅಡುಗೆಮನೆಯ ಬಿಲಗಳಿಂದಲೇ ಇಳಿಯುತ್ತವೆ ಎಂಬುದನ್ನೂ ಒಪ್ಪುತ್ತೇನೆ. ಇಲಿ ಕೊಲ್ಲಲು ನೀವು ಗೊತ್ತುಮಾಡಿದ ದಾಸಪ್ಪನವರು, ಇಲಿಗಳಿಗೆ ರುಚಿ ಹತ್ತಲಿ ಎಂದು ಮೊದಲು ವಿಷ ಬೆರೆಸದ ಕಡಲೆಬೀಜದ ಉಂಡೆಗಳನ್ನು ನಮ್ಮ ಅಡುಗೆಮನೆಯ ಮೂಲೆಗಳಲ್ಲಿ ಇಟ್ಟುಹೋಗಿದ್ದರು. ನಿನ್ನೆ ಬೆಳಿಗ್ಗೆ ಬಂದು ನೋಡಿ, "ಮದುವೆ ಊಟದ ಥರ ಬಳ್ಕೊಂಡು ತಿಂದವೆ ಕಣಕ್ಕಾ. ಸೋಮವಾರ ವಿಷದ್ದು ಮಡಗ್ತೀನಿ" ಎಂದರು.

ತಿಂದದ್ದು ಇಲಿಗಳಲ್ಲ, ನನ್ನ ತಾಯಿ. ಅವರಿಗೆ ಈಗ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ, ಬೇಡವೆಂದರೆ ತಿಳಿಯುವುದಿಲ್ಲ. ನಾನು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಇರುತ್ತಾರೆ.

ದಯವಿಟ್ಟು ಸೋಮವಾರ ದಾಸಪ್ಪನವರ ಬದಲು ಗಾರೆಯವರನ್ನು ಕಳಿಸಿ. ಬಿಲಗಳಿಗೆ ಗಾಜಿನ ಚೂರು ತುಂಬಿ ಸಿಮೆಂಟು ಮೆತ್ತಿಸೋಣ. ವಿಷವನ್ನೇ ಇಡಬೇಕೆಂದರೆ ತಿಳಿಸಿ, ಬೇರೆ ಮನೆ ಹುಡುಕುತ್ತೇನೆ. ಅಮ್ಮನನ್ನು ಕರೆದುಕೊಂಡು ಹೋಗುವವರೆಗೆ ಮಾತ್ರ ತಡೆಯಿರಿ.

ನನಗೆ ಇದು ಗೊತ್ತಾದದ್ದು ನಿನ್ನೆ ಸಂಜೆ. ಕೆಲಸದಿಂದ ಬಂದ ಕೂಡಲೇ ಅಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಉಂಡೆ ಕೊಟ್ಟರು. "ಇಸ್ಕೂಲಿಂದ ಹಸ್ಕೊಂಡು ಬಂದಿದ್ದೀಯ, ತಿನ್ನು ಮಗಳೇ. ನಿಂಗೇಂತ ಎತ್ತಿಟ್ಟಿದ್ದೆ" ಎಂದರು.

ಅದರಲ್ಲಿ ವಿಷವಿರಲಿಲ್ಲವಾದ್ದರಿಂದ ಅವರ ಎದುರಿಗೇ ಕೂತು ತಿಂದೆ.

ನಿಮ್ಮ ಉತ್ತರವನ್ನು ಸೋಮವಾರದ ಒಳಗೆ ಎದುರುನೋಡುವ,
ಉಮಾಮಹೇಶ್ವರಿ