ಪೊಟರೆಯಲ್ಲಿ ಉಳಿದ ಹಕ್ಕಿ

ಕಿರುಗಾವಲು
೧೮-೮-೧೯೭೪

ಮಂಡ್ಯದಲ್ಲಿರುವ ಪುಟ್ಟರಾಜು ಭಾವನವರಿಗೆ ಇಂದ್ರಮ್ಮನ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿಮ್ಮ ಮಗಳು ಈಗ ಅಂಬೆಗಾಲಿಕ್ಕಿ ಹೊಸಿಲು ದಾಟುತ್ತಾಳೆ.

ಅಕ್ಕ ತೀರಿಕೊಂಡ ಮೇಲೆ ನೀವು ಒಮ್ಮೆಯೂ ಈ ಕಡೆ ಬರಲಿಲ್ಲ. ತಾಯಿಯಿಲ್ಲದ ಕೂಸನ್ನು ಗಂಡಸು ಹೇಗೆ ಸಾಕಲಿ, ಮಕ್ಕಳಿಲ್ಲದ ನೆಂಟರಿಗೆ ಕೊಟ್ಟುಬಿಡಿ ಎಂದು ಬರೆದಿದ್ದೀರಿ. ಅದಕ್ಕೆ ಉತ್ತರ ಬರೆಯಲು ಕೂತವಳು ಕೆರೆಯಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಏರಿಯ ಮೇಲಿನ ಹಳೇ ಮಾವಿನ ಮರದ ಪೊಟರೆಯಲ್ಲಿ ಆಷಾಢದಲ್ಲಿ ಒಂದು ಜೋಡಿ ಶಿಳ್ಳೆ ಬಾತು ಮೊಟ್ಟೆ ಇಟ್ಟಿದ್ದವು. ಕಂದು ಬಣ್ಣದ ಕಾಡುಬಾತು. ಹಾರುವಾಗ ಶಿಳ್ಳೆ ಹಾಕುತ್ತವೆ. ಗಂಡು ಹೆಣ್ಣು ನೋಡಲು ಒಂದೇ. ಕಾವಿಗೂ ಎರಡೂ ಸರದಿಯ ಮೇಲೆ ಕೂರುತ್ತವೆ. ಒಂದು ಒಳಗಿದ್ದರೆ ಇನ್ನೊಂದು ಗದ್ದೆಯಲ್ಲಿ ಮೇದು ಬರುತ್ತಿತ್ತು. ಬಟ್ಟೆ ಒಗೆಯಲು ಹೋದಾಗಲೆಲ್ಲ ನಾನು ನೋಡುತ್ತ ನಿಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಯಾರೋ ಕೋವಿಯವರು ಬಂದು, ಗದ್ದೆಯಿಂದ ಮರಳುತ್ತಿದ್ದ ಹಕ್ಕಿಯನ್ನು ಹೊಡೆದರು. ಪಕ್ಕದ ಮನೆಯ ಕರಿಯಯ್ಯ, “ಇನ್ನ ಅದು ಒಂಟಿ. ಮೊಟ್ಟೆ ಬುಟ್ಟು ಓಯ್ತದೆ ಕಣವ್ವ” ಅಂದ. ನನಗೂ ಹಾಗೇ ಅನ್ನಿಸಿತು.

ಅದು ಹೋಗಲಿಲ್ಲ ಭಾವ. ಮಳೆ ಸುರಿದರೂ, ಕಾಗೆಗಳು ಪೊಟರೆಗೆ ಮುತ್ತಿದರೂ ಕದಲಲಿಲ್ಲ. ಹೊತ್ತು ಮುಳುಗುವಾಗ ಹಾರಿಹೋಗಿ, ಸಿಕ್ಕಷ್ಟು ಮೇದು, ಬೇಗ ಬಂದು ಕೂರುತ್ತಿತ್ತು. ಸೊರಗಿ ಸಣ್ಣಗಾಗಿತ್ತು. ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು.

ಮೊನ್ನೆ ಬೆಳಿಗ್ಗೆ ಅದು ಮರದ ಕೆಳಗಿನ ನೀರಿಗಿಳಿದು ಮೆಲ್ಲಗೆ ಕರೆಯಿತು. ಪೊಟರೆಯ ಬಾಯಿಗೆ ಒಂದು ಮರಿ ಬಂತು. ಮೈಯೆಲ್ಲ ಬರೀ ತುಪ್ಪುಳು, ಹಾರಲು ರೆಕ್ಕೆಯೇ ಬಲಿತಿಲ್ಲ. ಅಷ್ಟೆತ್ತರದಿಂದ ಧುಮುಕಿಯೇ ಬಿಟ್ಟಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೂಸು ನನ್ನ ಸೊಂಟದ ಮೇಲೆ ಕೂತು ಕೇಕೆ ಹಾಕಿತು. ಎಲ್ಲವನ್ನೂ ಹಿಂದೆ ಕಟ್ಟಿಕೊಂಡು ಆ ಒಂಟಿ ಹಕ್ಕಿ ಜೊಂಡಿನೊಳಗೆ ಈಜಿಹೋಯಿತು.

ಉಳಿದದ್ದು ಅಪ್ಪನೋ ತಾಯಿಯೋ ಎಂದು ಅವ್ವನನ್ನು ಕೇಳಿದೆ. ಅವ್ವ, “ಯಾವ್ದಾದ್ರೇನು ಬುಡು. ಕುಂತಿತ್ತಲ್ಲ” ಅಂದಳು.

ಕೂಸನ್ನು ನಾವು ಯಾರಿಗೂ ಕೊಡುವುದಿಲ್ಲ. ನೀವು ಒಮ್ಮೆ ಬಂದು ಎತ್ತಿಕೊಳ್ಳಿ. ಏನು ಹೇಳುವುದಿದ್ದರೂ ಆಮೇಲೆ ಹೇಳಿ.

ನಿಮ್ಮ ನಾದಿನಿ,
ಇಂದ್ರಮ್ಮ

ಮ.ವಿ.: ಅಕ್ಕನ ಜಾಗಕ್ಕೆ ನನ್ನನ್ನೇ ಕೊಡಬೇಕೆಂದು ಮನೆಯಲ್ಲಿ ಮಾತಾಗಿತ್ತು. ಆ ಅಂಜಿಕೆಗೇ ನೀವು ಬರುತ್ತಿಲ್ಲವೆಂದು ನನಗೆ ಗೊತ್ತು. ನಾನು ಒಲ್ಲೆ ಎಂದು ನಿನ್ನೆ ಹೇಳಿಬಿಟ್ಟೆ. ಯಾಕೆ ಎಂದು ಅವ್ವ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಇನ್ನು ನೀವು ಮಗಳನ್ನು ನೋಡಲೆಂದೇ ಬರಬಹುದು.