ನೆಲ ನಡುಗಿದಾಗ ಓಡುವವಳು

ಊರಿಗಾಂ,
12–3–1946

ಅಕ್ಕ ವೆಂಕಟರತ್ನಮ್ಮನಿಗೆ ನಿನ್ನ ಗಂಗರತ್ನಳ ನಮಸ್ಕಾರ. ನಾವೆಲ್ಲ ಬದುಕಿದ್ದೇವೆ. ಇದನ್ನೇ ಮೊದಲು ಬರೆದುಬಿಡುತ್ತೇನೆ. ಮೊನ್ನೆ ಇಲ್ಲಿಯ ಚಿನ್ನದ ಗಣಿಯಲ್ಲಿ ಬಂಡೆ ಸಿಡಿದ ಸುದ್ದಿ ಬಂಗಾರಪೇಟೆಗೆ ರೈಲಿಗಿಂತ ಮುಂಚೆ ಬಂದಿರುತ್ತದೆ, ನೀನೋ ಅಳುವುದಕ್ಕೆ ಕಾದು ಕೂತವಳು.

ಮಗು ಅಮ್ಮಾಜಿಯನ್ನು ನಿನ್ನ ಹತ್ತಿರ ಕಳಿಸು ಎಂದು ಬರೆದಿದ್ದೆಯಲ್ಲ, ಅದಕ್ಕೆ ಉತ್ತರ ಇದು. ಮಗು ಹುಟ್ಟುವ ಮೊದಲೇ ಗಣಿ ಕೆಲಸ ಬಿಟ್ಟು ಯುದ್ಧಕ್ಕೆ ಹೋದ ನಮ್ಮ ಯಜಮಾನರು, ಬಂದು ಎರಡು ತಿಂಗಳಾದರೂ ಅದನ್ನು ಒಂದು ಸಲ ಮುಟ್ಟಲಿಲ್ಲ. ಅದು ಹತ್ತಿರ ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡು, "ಈ ಕೈಲಿ ಮಗೀನ ಎತ್ಕೊಬಾರ್ದು ಕಣೇ" ಅನ್ನುತ್ತಿದ್ದರು. ಯಾಕೆ ಅಂದರೆ ಕೊಡಲಿ ಹಿಡಿದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನನಗೂ ಸಾಕಾಗಿತ್ತು. ಶುಕ್ರವಾರದ ರೈಲಿಗೆಂದು ಮಗುವಿನ ಬಟ್ಟೆ ಗಂಟು ಕಟ್ಟಿಟ್ಟಿದ್ದೆ.

ಬರ್ಮಾದಿಂದ ಇವರು ಬರೆಸಿದ ಕಾಗದ ನೆನಪಿದೆಯಾ? ಇಲ್ಲೂ ನಮ್ಮ ಊರಿಗಾಮಿನ ಹಾಗೆಯೇ ದಿನವೂ ನೆಲ ನಡುಗುತ್ತದೆ, ಹೆದರಬೇಡ ಅಂತ. ನಾನೆಂಥ ಪೆದ್ದಿ! ಅಲ್ಲೂ ಗಣಿಗೆ ಹಾಕಿದ್ದಾರೆ ಅಂದುಕೊಂಡು ಕೂಲಿ ಲೈನಿನ ಮನೆಮನೆಗೂ ಸಾರಿದೆ. ನೀನು ಮೂಗುಬೊಟ್ಟಿಗೆ ಬರ್ಮಾ ಚಿನ್ನ ಕೇಳಿದೆ! ಅದು ಬಾಂಬಿನ ನಡುಕ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಮೊನ್ನೆ ಬೆಳಿಗ್ಗೆ ಮಗು ಒಳಗೆ ಮಲಗಿತ್ತು, ಇವರು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದರು. ನಾನು ಬೀದಿ ನಲ್ಲಿಯ ಹತ್ತಿರ ಇದ್ದೆ. ದಢಾರ್ ಎಂದು ನೆಲ ಎದ್ದು ಬಿತ್ತು. ಬಿಂದಿಗೆ ಬಿಸಾಡಿ ಓಡಿದೆ ನೋಡು, ಎಲ್ಲ ಹೆಂಗಸರ ಜೊತೆ, ಗಣಿಯ ಗೇಟಿಗೆ! ಮದುವೆಯಾದಾಗಿನಿಂದ ಕಾಲಿಗೆ ಅದೇ ಅಭ್ಯಾಸ. ಅಲ್ಲಿ ಎದೆ ಬಡಿದುಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಮುನಿಶಾಮಮ್ಮ, ತನ್ನ ಗಂಡ ಕೆಳಗೆ ಸಿಕ್ಕಿಕೊಂಡಿದ್ದರೂ ನನ್ನ ಭುಜ ಹಿಡಿದು ಅಲ್ಲಾಡಿಸಿ, "ಅಯ್ಯೋ, ನಿನ್ ಗಂಡ ಮನೇಲವ್ನಲ್ಲೇ, ಇಲ್ಲಿ ಯಾರ್ನ ಉಡುಕ್ತೀಯೇ?" ಅಂದಳು. ಅವಳ ಗಂಡ ಸಂಜೆಗೆ ಮೇಲೆ ಬಂದ, ದೇವರು ದೊಡ್ಡವನು.

ಮನೆಗೆ ಓಡಿ ಬಂದರೆ ಅಟ್ಟದ ಗುಡಾಣ ಬಿದ್ದು ಎಲ್ಲೆಲ್ಲೂ ರಾಗಿ. ಅದರ ನಡುವೆ ಇವರು ಬೋರಲು ಮಲಗಿದ್ದರು. ಬೆನ್ನ ಮೇಲೆ ಗುಡಾಣದ ಚೂರು, ರಕ್ತ. "ತಲೆ ಎತ್ಬ್ಯಾಡ, ಇನ್ನೊಂದು ಬೀಳ್ತದೆ" ಅನ್ನುತ್ತಿದ್ದರು. ಎದೆಯ ಕೆಳಗಿನಿಂದ ನಮ್ಮ ಅಮ್ಮಾಜಿ, "ಅಮ್ಮಾ, ಅಪ್ಪ ಬಲೇ ಬಾರ!" ಅಂದಿತು. ಹಿತ್ತಲಿನಿಂದ ಆ ಚಾಪೆಯವರೆಗೆ ಯಾವ ಮಾಯದಲ್ಲಿ ಬಂದರೋ!

ನಿಂತಿತು, ಏಳಿ ಎಂದು ಎಷ್ಟು ಹೇಳಿದರೂ ಏಳಲಿಲ್ಲ. ಕೊನೆಗೆ ಎದ್ದು ಕೂತು, ಮಗುವನ್ನು ಆ ಕೈಗಳಿಂದಲೇ ಎತ್ತಿ ಒಂದೊಂದು ಬೆರಳೂ ಮುಟ್ಟಿ ನೋಡಿದರು. ಬರ್ಮಾದಲ್ಲಿ ಬಾಂಬು ಬಿದ್ದಾಗ ಇದೇ ಕೈಯಿಂದ ಮಣ್ಣು ಬಗೆದು ಎಷ್ಟೋ ಜನರನ್ನು ಹೊರಗೆಳೆದರಂತೆ, ಒಬ್ಬರಿಗೂ ಉಸಿರಿರಲಿಲ್ಲವಂತೆ. "ಇದು ಬೆಚ್ಚಗೈತೆ ಕಣೇ" ಅಂದರು. ನಾನು ನನ್ನ ಗಂಡನನ್ನೇ ದೇವರನ್ನು ನೋಡುವ ಹಾಗೆ ನೋಡುತ್ತಾ ನಿಂತುಬಿಟ್ಟೆ.

ಅಮ್ಮಾಜಿಯನ್ನು ಕಳಿಸುವುದಿಲ್ಲ. ಗಂಟು ಬಿಚ್ಚಿಯಾಯಿತು. ನೀನೇ ಬಾ. ಬರುವಾಗ ರಾಗಿ ತಾ, ನಮ್ಮದರಲ್ಲಿ ಮಡಕೆ ಚೂರು ಆರಿಸಿ ಮುಗಿಯುವಂತಿಲ್ಲ.

ನಿನ್ನ ಪೆದ್ದಿ ತಂಗಿ,
ಗಂಗರತ್ನ

ಮರೆತ ಮಾತು: ಗಂಡನನ್ನು ಮನೆಯಲ್ಲಿಟ್ಟುಕೊಂಡು ಗೇಟಿಗೆ ಓಡಿದ್ದನ್ನು ಇವರಿಗೆ ಹೇಳಿರಲಿಲ್ಲ, ನಗುತ್ತಾರೆಂದು ನಾಚಿಕೆ. ಮುನಿಶಾಮಮ್ಮ ಹೇಳಿಬಿಟ್ಟಳು. ಇವರು ನಗಲಿಲ್ಲ. "ಆ ಬರ್ಮಾದಲ್ಲಿ ನೆಲ ನಡುಗ್ದಾಗೆಲ್ಲ, ಈಗ ನೀನು ಗೇಟ್ ತಾವ ಓಡ್ಬತ್ತಿರ್ತೀಯ ಅಂದ್ಕೊಂಡೇ ಜೀವ ಇಡ್ಕೊಂಡಿದ್ದೆ" ಅಂದರು.